ಕೈ ಯಾರದೋ ಹೆಗಲು ಅವರದು

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯ ಮೂಲೆಯಲ್ಲಿ ಕೂತದ್ದೇ ಆ ಮನೆಯ ರಂಪಕ್ಕೆಲ್ಲ ಮೂಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆಯುಷ್ಯವೆಲ್ಲ ಹಳೇ ಮಿಲಿಟರಿ ಬಂದೂಕುಗಳ ಹೊಟ್ಟೆ ಬಿಚ್ಚಿ ನೋಡಿದ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಎಲ್ಲಿಂದ ಬರಬೇಕು?

ಮನೆಯ ಮುಂಭಾಗವೇ ಅಂಗಡಿ. ಊರಾಚೆಯ ಶೂಟಿಂಗ್ ಕ್ಲಬ್ಬಿನವರು ಯಾವ ಕಾಲದ್ದೋ ಯುದ್ಧದಲ್ಲಿ ಸೈನಿಕರು ಹೊತ್ತ ಬಂದೂಕುಗಳನ್ನು ಜೋಪಾನವಾಗಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ಪಂದ್ಯ ನಡೆಸುತ್ತಿದ್ದರು. ಅವುಗಳ ರಿಪೇರಿಯೆಲ್ಲ ಇಲ್ಲಿಯೇ. ಮೇಸ್ತ್ರಿ ಕೂರುತ್ತಿದ್ದದ್ದು ಕಿಟಕಿಯ ಪಕ್ಕದ ಮೇಜಿಗೆ. ಒಳ್ಳೆಯ ಬೆಳಕು ಬೀಳುವ ಜಾಗ ಅದೊಂದೇ. ಮಗ ಕೂರುತ್ತಿದ್ದದ್ದು ಹಿಂದಿನ ಮೇಜಿಗೆ, ಹಗಲಲ್ಲೂ ದೀಪ ಹಾಕಿಕೊಂಡು. ಅಪ್ಪನ ಕಣ್ಣು ಮಂಜಾದಾಗ ಮಗ ಅಯ್ಯೋ ಎಂದದ್ದು ನಿಜ. ಅದರ ಹಿಂದೆಯೇ, ಇನ್ನು ಕಿಟಕಿ ನನ್ನದು ಎಂದು ಅವನಿಗೆ ಅನಿಸಿದ್ದೂ ನಿಜ.

ಆವತ್ತು ಮಗನ ಮುಂದೆ ಕ್ಲಬ್ಬಿನ ಒಂದು ಬಂದೂಕಿತ್ತು. ಗುರಿ ಎಲ್ಲಿಟ್ಟರೂ ಗುಂಡು ಮನಸ್ಸಿಗೆ ಬಂದ ಕಡೆ ಹೋಗುತ್ತಿತ್ತು. ಅವನು ನಳಿಗೆ ಉಜ್ಜಿದ್ದ, ಮರದ ಹಿಡಿಯ ಸ್ಕ್ರೂ ಬಿಗಿದಿದ್ದ, ಗುರಿ ನೋಡುವ ಮುಂದಿನ ಕಡ್ಡಿಯನ್ನೂ ಬದಲಾಯಿಸಿದ್ದ. ಕಾಯಿಲೆ ಮಾತ್ರ ಹಾಗೇ ಇತ್ತು. ಆಗ ಸೊಸೆ ಚಹಾ ತಂದಳು.

"ಮಗಳೇ," ಎಂದ ಮೇಸ್ತ್ರಿ, "ಆ ಬೋಲ್ಟನ್ನ ಸ್ವಲ್ಪ ಬೆಳಕಿಗೆ ಹಿಡಿ. ತೋಟಾನ ಹಿಂದಿನಿಂದ ಭದ್ರವಾಗಿ ಹಿಡಿಯೋಕೆ ಅದಕ್ಕೆ ಎರಡು ಕಿವಿ ಇರುತ್ತೆ ನೋಡು. ಹೇಗಿವೆ?"

ಸೊಸೆ ಕೈ ಒರೆಸಿಕೊಂಡು ಬೋಲ್ಟು ಎತ್ತಿ, ಕಿಟಕಿಯ ಹತ್ತಿರ ತಿರುಗಿಸಿ ತಿರುಗಿಸಿ ನೋಡಿದಳು. "ಒಂದು ಕಿವಿ ಕನ್ನಡಿ ಥರ ಹೊಳೀತಿದೆ ಮಾವ. ಇನ್ನೊಂದು ಮಂಕಾಗಿದೆ."

"ಅದು ಎಣ್ಣೆ ಹೊಳಪು," ಎಂದ ಗಂಡ.

"ಎಣ್ಣೇನ ನೀನು ಎರಡಕ್ಕೂ ಸುರಿದಿದೀಯಲ್ಲೋ. ಒಂದೇ ಯಾಕೆ ಹೊಳೀತಿದೆ?" ಮೇಸ್ತ್ರಿ ನೆಟ್ಟಗೆ ಕೂತ. "ಒಂದೇ ಕಿವಿ ಭಾರ ಹೊರ್ತಿದೆ. ಇನ್ನೊಂದು ತಾಗ್ತಾನೇ ಇಲ್ಲ. ಸವೆತ ಅಲ್ಲಿದೆ. ನೀನು ಮೂಗಿಗೆ ಔಷಧಿ ಹಾಕ್ತಿದೀಯ, ನೋವಿರೋದು ಮೊಣಕಾಲಲ್ಲಿ."

ಸೊಸೆ ನಕ್ಕುಬಿಟ್ಟಳು. ಅವಳು ನಕ್ಕದ್ದು ಮೊಣಕಾಲಿನ ಮಾತಿಗೆ. ಗಂಡನಿಗೆ ಮಾತ್ರ ಅದು ತನ್ನನ್ನೇ ನೋಡಿ ನಕ್ಕ ಹಾಗಾಯಿತು, ಚಹಾ ಅಲ್ಲೇ ಆರಿ ಕೆನೆಗಟ್ಟಿತು.

ಅಂದಿನಿಂದ ದಿನಾ ಅದೇ ಆಯಿತು. 'ಮಗಳೇ, ಇದನ್ನ ನೋಡು. ಮಗಳೇ, ಈ ಸ್ಪ್ರಿಂಗ್ ಒತ್ತಿ ನೋಡು, ಜೀವ ಇದೆಯಾ?' ಕನ್ನಡಕ ತೆಗೆದ ಮೇಲೂ ಕರೆಯುವುದು ನಿಲ್ಲಲಿಲ್ಲ. ಪೊರೆ ಹೋದರೂ ಮೇಸ್ತ್ರಿಯ ಬೆರಳುಗಳಿಗೆ ಹಿಡಿದುಕೊಂಡಿದ್ದ ನಡುಕ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಕಿಟಕಿಯ ಪಕ್ಕದ ಸ್ಟೂಲನ್ನು ತಾನೇ ಒರೆಸಿ, "ಇಲ್ಲಿ ಕೂತ್ಕೋ ಮಗಳೇ, ನಾನು ಪಕ್ಕದಲ್ಲಿರ್ತೀನಿ," ಎಂದ. ಮಗ ಹಿಂದಿನ ಮೇಜಿನಲ್ಲಿ ದೀಪದ ಗುಂಡಿ ಒತ್ತಿದ, ಆರಿಸಿದ, ಮತ್ತೆ ಒತ್ತಿದ.

"ಅಪ್ಪ, ಇಷ್ಟು ವರ್ಷ ಕೆಲಸ ಮಾಡಿದವನು ನಾನು."

"ಯಾರು ಇಲ್ಲ ಅಂದ್ರು? ನಿನ್ನ ಕೈಯಲ್ಲಿ ಬಲ ಇದೆ. ಮರ ಕೂರಿಸೋಕೆ, ನಳಿಗೆ ಬಿಚ್ಚೋಕೆ ನೀನೇ ಬೇಕು. ಆದ್ರೆ ನೋಡೋ ಮೊದಲೇ ಅರ ಎತ್ಕೋತೀಯಲ್ಲೋ. ಸವೆದಿರೋ ವಸ್ತೂನ ಮೊದಲು ನೋಡ್ಬೇಕು."

"ಅವಳು ಮಾತ್ರ ನೋಡ್ತಾಳಾ?"

"ನೋಡ್ತಾಳೆ," ಎಂದ ಮೇಸ್ತ್ರಿ. ಸುತ್ತಿ ಬಳಸಿ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

ಅಲ್ಲಿಗೆ ಒಬ್ಬನ ಹೊಟ್ಟೆಗೆ ಕಿಚ್ಚು ಬಿತ್ತು. ಇನ್ನೊಂದು ಹೊಟ್ಟೆ ಅಡುಗೆಮನೆಯಲ್ಲಿತ್ತು. ಸೊಸೆ ಕಿಟಕಿಗೆ ಹೋದರೆ ರೊಟ್ಟಿ ತಟ್ಟುವವರು ಯಾರು? ಮೇಸ್ತ್ರಿಯ ಹೆಂಡತಿ ಅಜ್ಜಿಯೇ ತಟ್ಟಬೇಕಾಯಿತು. ಅವಳು ತಟ್ಟುತ್ತಿದ್ದ ಸದ್ದು ಅಂಗಡಿಯವರೆಗೂ ಕೇಳುತ್ತಿತ್ತು, ಕೇಳಲಿ ಎಂದೇ ತಟ್ಟುತ್ತಿದ್ದಳು.

"ಇವತ್ತು ರೊಟ್ಟಿ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ," ಎಂದಳು ಮೊಮ್ಮಗಳು ಊಟಕ್ಕೆ ಕೂತಾಗ. ಹೈಸ್ಕೂಲು ಓದುವ ಹುಡುಗಿ. ಬಾಯಿ ತೆರೆದರೆ ಸಿಡಿಯುತ್ತಿದ್ದುದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. "ಒಂದೇ ಕಿವಿ ಭಾರ ಹೊರ್ತಿದೆ ಅಜ್ಜಿ."

"ತಿನ್ನು, ಇಲ್ಲ ಎದ್ದು ಹೋಗು. ನಾನೇನು ಬಂದೂಕಿನ ಡಾಕ್ಟರಲ್ಲ," ಎನ್ನುತ್ತ ಅಜ್ಜಿ ಮೇಸ್ತ್ರಿಯ ತಟ್ಟೆಗೆ ಬೇಳೆಯನ್ನು ಧೊಪ್ಪೆಂದು ಬಡಿಸಿದಳು. "ಈ ಮನೆಗೆ ಕಾಲಿಟ್ಟಾಗಿಂದ ಆ ಕಿಟಕಿ ಹತ್ರ ನಾನು ಹೋಗಿದ್ದು ಗಾಜು ಒರೆಸೋಕೆ ಮಾತ್ರ. 'ಸಾಮಾನು ಮುಟ್ಟಬೇಡ ಕಣೇ' ಅಂತಿದ್ರಿ. ನನ್ನ ಕೈಗೇನು ಕುಷ್ಠ ಇತ್ತಾ?"

"ನೀನು ಕೇಳಿದ್ರೆ ತಾನೇ?"

"ಇವಳು ಕೇಳಿದ್ಲಾ? ನೀವೇ ಕರೆದ್ರಿ. ನನ್ನನ್ನ ಯಾವತ್ತು ಕರೆದಿದ್ರಿ?"

ಸೊಸೆ ತಲೆ ತಗ್ಗಿಸಿ, "ಅತ್ತೆ, ಸಂಜೆ ಪಾತ್ರೆ, ಅಡುಗೆ ಎಲ್ಲ ನಾನೇ ಮಾಡ್ತೀನಿ. ನೀವು ಕೂತ್ಕೊಳ್ಳಿ," ಎಂದಳು.

"ಬೇಡಮ್ಮ. ನಿನ್ನ ಕೈಯ ಎಣ್ಣೆ ವಾಸನೆ ಬೇಳೆಗೆ ಹತ್ತೋದು ಬೇಡ."

ಗಂಡನಿಗೂ ಆ ವಾಸನೆಯೇ ಆಗುತ್ತಿರಲಿಲ್ಲ. ಸುಮ್ಮನೆ ಹೇಳಬಾರದು, ಅವನ ಮೈಯಲ್ಲೂ ಅದೇ ವಾಸನೆ ಇಪ್ಪತ್ತು ವರ್ಷದಿಂದ ಇತ್ತು. ಅವಳ ಬೆರಳಿನಿಂದ ಬಂದಾಗ ಮಾತ್ರ ಅದು ಕದ್ದ ಮಾಲಿನ ಹಾಗೆ ಅನ್ನಿಸುತ್ತಿತ್ತು. ಅವಳು ಅವನ ಭೂತಗನ್ನಡಿ ತೆಗೆದುಕೊಂಡರೆ ಸಿಟ್ಟು, ಕೇಳಿ ತೆಗೆದುಕೊಂಡರೆ ಇನ್ನೂ ಸಿಟ್ಟು. ಕೆಲಸ ಮಾಡುತ್ತ ಗುನುಗಿದರೆ, ಏನು ಅಷ್ಟೊಂದು ಖುಷಿ ಎಂದು ಸಿಡುಕುತ್ತಿದ್ದ.

ಗಾಯದ ಮೇಲೆ ಬರೆ ಎಳೆದವನು ಕ್ಲಬ್ಬಿನ ಕಾರ್ಯದರ್ಶಿ. ಸೊಸೆ ಸರಿಮಾಡಿದ ಆ ಒಂದು ಕಿವಿಯ ಬಂದೂಕು ಈಗ ಗುರಿ ಇಟ್ಟಲ್ಲಿಗೆ ಹೊಡೆಯುತ್ತಿತ್ತು. ಪಂದ್ಯಕ್ಕೆ ಮುಂಚೆ ಅವನು ತಾನೇ ಬಂದು, ಮೇಸ್ತ್ರಿಯ ಮೇಜಿನ ಮೇಲೆ ಕ್ಲಬ್ಬಿನ ಅತಿ ಹಳೆಯ ಬಂದೂಕನ್ನು ಮಲಗಿಸಿದ. "ಇದನ್ನ ನಿಮ್ಮ ಸೊಸೆಯೇ ನೋಡ್ಲಿ ಮೇಸ್ತ್ರಿ. ಪಂದ್ಯದ ಮೊದಲ ಗುಂಡು ಇದರದ್ದೇ. ಹೊಡೆಯೋದೂ ಅವರೇ ತಾನೇ?"

"ಮತ್ತೆ? ಕೈ ಯಾರದೋ ಹೆಗಲು ಅವರದು," ಎಂದ ಮೇಸ್ತ್ರಿ.

ಅದು ಆ ಅಂಗಡಿಯ ಕಟ್ಟಳೆ. ಬಂದೂಕನ್ನು ರಿಪೇರಿ ಮಾಡಿದವರು ಯಾರೋ ಮೊದಲ ಗುಂಡನ್ನು ಅವರೇ, ಮಾಲೀಕರ ಎದುರಿಗೆ, ತಮ್ಮ ಹೆಗಲಿಗೆ ಕೊಟ್ಟು ಹೊಡೆಯಬೇಕು. ಮಾಡಿದ ಕೆಲಸದ ಮೇಲೆ ನಂಬಿಕೆಯಿದ್ದರೆ ಕೆನ್ನೆ ತಾಗಿಸು, ಇಲ್ಲದಿದ್ದರೆ ಕೆಲಸ ಮುಗಿದಿಲ್ಲ ಎಂದು ಅರ್ಥ. ಮೇಸ್ತ್ರಿಯ ಅಪ್ಪ ಹಾಗೆ ಮಾಡಿದ್ದ, ಮೇಸ್ತ್ರಿ ಮಾಡಿದ್ದ, ಮಗನೂ ಮಾಡಿದ್ದ. ಆದರೆ ಪಂದ್ಯದ ಮೊದಲ ಗುಂಡು ಅಂದರೆ ಕ್ಲಬ್ಬಿಗೆ ಕ್ಲಬ್ಬೇ ಎದ್ದು ನಿಂತು ನೋಡುವಂಥದ್ದು. ಅದನ್ನು ಮೇಸ್ತ್ರಿ ಯಾವತ್ತೂ ಮಗನಿಗೆ ಬಿಟ್ಟಿರಲಿಲ್ಲ.

"ಅಪ್ಪ ಒಂದು ಸಲನಾದ್ರೂ ನಂಗೆ ಕೊಟ್ಟಿದ್ರಾ?" ಎಂದು ಮಗ ಆವತ್ತು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಹಲುಬಿದ.

"ಕೊಡಲ್ಲ. ಬೀಗದ ಕೈಯೂ ಅವಳ ಸೊಂಟಕ್ಕೆ ಹೋಗುತ್ತೆ, ನೋಡ್ತಿರು," ಎಂದು ಅಜ್ಜಿ ಆಲೂಗಡ್ಡೆಯ ಸಿಪ್ಪೆಯನ್ನು ಬುಟ್ಟಿಗೆ ಎಸೆದಳು. "ಅಷ್ಟು ಜನರ ಮುಂದೆ ಒಂದ್ಸಲ ಅದು ಠುಸ್ ಅನ್ಬೇಕು. ಆಗ ಗೊತ್ತಾಗುತ್ತೆ ಇಬ್ಬರಿಗೂ."

ಅಜ್ಜಿ ಹೇಳಿದ್ದು ಹೊಟ್ಟೆಯುರಿಗೆ. ಉರಿಯುವ ಬೆಂಕಿಗೆ ತುಪ್ಪ ಸುರಿದವರು ಎಂದಾದರೂ ಬೇಕೆಂದೇ ಸುರಿಯುತ್ತಾರೆಯೇ? ಮಗ ಹಸಿ ಆಲೂಗಡ್ಡೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತ ನಿಂತ.

ಸೊಸೆ ಆ ಬಂದೂಕಿನ ಮುಂದೆ ಎರಡು ವಾರ ಕೂತಳು. ನಳಿಗೆಯ ಬಾಯಿ ಎಷ್ಟು ಸವೆದಿದೆ, ಬೋಲ್ಟಿಗೂ ತೋಟಾಕ್ಕೂ ನಡುವೆ ಸಂದು ಎಷ್ಟಿದೆ ಎಂದು ಮಾವನ ಅಳತೆ ಕಡ್ಡಿಗಳನ್ನು ಹಾಕಿ ನೋಡಿದಳು. ತೋಟಾದ ಹಿಂಬದಿಯ ಮದ್ದಿಗೆ ಕುಟ್ಟುವ ಸೂಜಿಯ ಸ್ಪ್ರಿಂಗು ದಣಿದು ಕುಗ್ಗಿತ್ತು, ಅದನ್ನು ಕಿತ್ತು ಹೊಸದು ಹಾಕಿದಳು. ಹಳೆಯದನ್ನು ಕೆಲಸ ಮುಗಿಸಿದ ಸ್ಪ್ರಿಂಗುಗಳ ಡಬ್ಬಿಗೆ ಹಾಕಿದಳು.

ಪಂದ್ಯದ ಹಿಂದಿನ ಮಧ್ಯಾಹ್ನ ಅವಳು ಪಟಾಕಿಯ ಶಾಲೆಗೆ ಹೋದಳು, ಟೀಚರು ಕರೆಸಿದ್ದರು. ಮಗಳ ಬಾಯಿಯ ವಿಷಯವೇ. ಮೇಸ್ತ್ರಿ ಊಟ ಮಾಡಿ ಅಡ್ಡಾಗಿದ್ದ. ಗಂಡ ಡಬ್ಬಿಯಿಂದ ಆ ದಣಿದ ಸ್ಪ್ರಿಂಗನ್ನೇ ಹುಡುಕಿ ತೆಗೆದ. ಬೋಲ್ಟು ಬಿಚ್ಚಿ, ಹೊಸದನ್ನು ತೆಗೆದು ಜೇಬಿಗೆ ಹಾಕಿ, ಹಳೆಯದನ್ನು ಕೂರಿಸಿದ. ಸೂಜಿ ಮೆತ್ತಗೆ ತಾಗುತ್ತದೆ, ಟಿಕ್ ಎನ್ನುತ್ತದೆ, ಜನ ನಗುತ್ತಾರೆ. ಅಷ್ಟೇ. ಯಾರಿಗೂ ಕೂದಲೂ ಕೊಂಕುವುದಿಲ್ಲ. ಹೀಗೆಂದು ತನಗೆ ತಾನೇ ಹೇಳಿಕೊಂಡು, ಅಭ್ಯಾಸಬಲದಿಂದ ನಾಲ್ಕು ತೊಟ್ಟು ಎಣ್ಣೆಯನ್ನೂ ಬಿಟ್ಟ. ಕೇಡು ಮಾಡುವಾಗಲೂ ಎಣ್ಣೆ ಹಾಕದಿದ್ದರೆ ಅವನ ಕೈಗೆ ಕೆಲಸ ಮುಗಿದಂತೆ ಆಗುತ್ತಿರಲಿಲ್ಲ.

ಬಾಗಿಲ ಪರದೆಯ ಆಚೆ ಅಜ್ಜಿ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಮಗ ಯಾವ ಮೇಜಿನ ಮುಂದೆ ನಿಂತಿದ್ದಾನೆಂದು ಅವಳಿಗೆ ಕಂಡಿತು. ಅವಳು ಮೊರವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು.

ಬೆಳಿಗ್ಗೆ ವ್ಯಾನು ಹೊರಟಿತು. ಹಿಂದೆ ಬಂದೂಕಿನ ಪೆಟ್ಟಿಗೆಗಳು, ಅವುಗಳ ನಡುವೆ ಚಿಂದಿ ಬಟ್ಟೆಯದೋ ಎಂಥದೋ ಒಂದು ಉಬ್ಬಿದ ಚೀಲ. ಅದರ ಮೇಲೆ ಕಾಲು ಚಾಚಿ ಪಟಾಕಿ ಕೂತಿದ್ದಳು. ಅಜ್ಜಿ ಮಾತ್ರ ಮನೆಯಲ್ಲೇ ಉಳಿದಳು. ಬಾಗಿಲಲ್ಲಿ ನಿಂತು, "ಹುಷಾರು," ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಮೈದಾನದಲ್ಲಿ ಕುರ್ಚಿಗಳು ತುಂಬಿದ್ದವು. ದೂರದಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಯ ಹಲಗೆಗಳು. ಕಾರ್ಯದರ್ಶಿ ಕೈ ಹಿಸುಕಿಕೊಳ್ಳುತ್ತ ಬಂದ. "ಒಂದು ಸಣ್ಣ ತೊಂದರೆ ಮೇಸ್ತ್ರಿ. ಹೊಸ ತೋಟಾ ಬರಲಿಲ್ಲ. ಉಗ್ರಾಣದಲ್ಲಿದ್ದ ಹಳೇ ಪೆಟ್ಟಿಗೆ ಒಡೆದಿದೀವಿ. ನಡೆಯುತ್ತಲ್ಲ?"

"ಸ್ಪ್ರಿಂಗ್ ಗಟ್ಟಿಯಿದ್ರೆ ನಡೆಯುತ್ತೆ," ಎಂದ ಮೇಸ್ತ್ರಿ. "ನಮ್ಮ ಹುಡುಗಿ ಹೊಸದು ಹಾಕಿದಾಳೆ."

ಹಳೇ ತೋಟಾ ಏನು ಮಾಡುತ್ತದೆಂದು ಗಂಡನಿಗೆ ಚೆನ್ನಾಗಿ ಗೊತ್ತಿತ್ತು. ಸೂಜಿ ಮೆತ್ತಗೆ ತಾಗಿದರೆ ಅದು ಒಮ್ಮೊಮ್ಮೆ ಪೂರ್ತಿ ಸಾಯುವುದಿಲ್ಲ, ತೂಕಡಿಸುತ್ತದೆ. ಟಿಕ್ ಎಂದಿತು, ಸತ್ತಿತು ಅಂದುಕೊಂಡು ಬೋಲ್ಟು ಎಳೆದರೆ, ಎಳೆದವರ ಮುಖದ ಮುಂದೆಯೇ ಸಿಡಿಯುತ್ತದೆ. ಟಿಕ್ ಎಂದರೆ ಕಾಯಬೇಕು ಎಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಇಷ್ಟು ಜನ ಕಿಸಕ್ಕೆಂದರೆ, ಮೊದಲ ಸಲ ನಿಂತವಳು ಅವಮಾನದಲ್ಲಿ ಕಾಯುತ್ತಾಳೆಯೇ? ತಾನಾಗಿದ್ದರೆ ಕಾಯುತ್ತಿದ್ದೆನೇ?

"ಈ ಸಲ ಮೊದಲ ಗುಂಡು," ಎಂದು ಕಾರ್ಯದರ್ಶಿ ಎಲ್ಲರಿಗೂ ಕೇಳುವಂತೆ ಕೂಗಿದ, "ಮೇಸ್ತ್ರಿಯವರ ಸೊಸೆಯದು!" ಚಪ್ಪಾಳೆ ಬಿತ್ತು. ಮೇಸ್ತ್ರಿಯ ಮುಖ ಅರಳಿತು. ಹುಟ್ಟಿದಾಗಿನಿಂದ ತನಗಾಗಿ ಆ ಮುಖ ಹಾಗೆ ಅರಳಿದ್ದನ್ನು ಮಗ ಕಂಡಿರಲಿಲ್ಲ. ಹಾಳಾಗಿ ಹೋಗಲಿ, ನನಗೇನು ಎಂದು ಅವನಿಗೆ ಅನ್ನಿಸಿಯೇ ಅನ್ನಿಸಿತು. ಅವಳು ಬಂದೂಕು ಎತ್ತಿಕೊಂಡು ಗೆರೆಯ ಹತ್ತಿರ ನಡೆದಳು. ತೋಟಾ ಹಾಕುವ ಮೊದಲು ಯಾಕೋ ತಿರುಗಿ ಗಂಡನನ್ನು ನೋಡಿದಳು. ನೋಡುತ್ತಲೇ ನಿಂತಳು.

"ತಡಿ," ಎಂದ ಗಂಡ. ದನಿ ಹೊರಡಲಿಲ್ಲ. ಇನ್ನೊಮ್ಮೆ, "ತಡಿಯೇ! ಅದನ್ನ ಇಲ್ಲಿ ಕೊಡು. ನಾನು ಹೊಡೀತೀನಿ."

"ಇದು ನನ್ನ ಕೆಲಸ," ಎಂದಳು ಅವಳು.

"ಅದರಲ್ಲಿ ನನ್ನ ಕೈಯೂ ಬಿದ್ದಿದೆ."

ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಕಾರ್ಯದರ್ಶಿ ನಗುತ್ತ, "ಏನ್ರೀ, ಹೆಂಡತಿಗೆ ಹೆಸರು ಬಂತು ಅಂತ ಹೊಟ್ಟೆಕಿಚ್ಚಾ?" ಎಂದ.

"ಹೌದು, ಹೊಟ್ಟೆಕಿಚ್ಚೇ," ಎಂದ ಅವನು. "ಕೊಡು ಅಂದೆನಲ್ಲ!"

ಗೊಳ್ಳೆಂದು ನಗೆ ಎದ್ದಿತು. ಮೇಸ್ತ್ರಿ ಮಾತ್ರ ನಗಲಿಲ್ಲ. ಮಗನ ಮುಖವನ್ನು ಹೊಸ ಕಣ್ಣಿನಿಂದ ಸಾವಕಾಶವಾಗಿ ನೋಡಿದ. "ಅವನ ಕೈ ಬಿದ್ದಿದ್ರೆ ಅವನೇ ಹೊಡೀಲಿ ಮಗಳೇ. ಕಟ್ಟಳೆ ಕಟ್ಟಳೆಯೇ."

ಅವಳು ಕೊಟ್ಟಳು. ಅವನು ತೋಟಾ ಹಾಕಿ ಬೋಲ್ಟು ಮುಚ್ಚಿದ. ಅವಸರದಲ್ಲಿ ಬೋಲ್ಟು ಬಿಗಿಯಾಗಿತ್ತೋ ಸಡಿಲವಾಗಿತ್ತೋ ಅವನಿಗೆ ತಿಳಿಯಲಿಲ್ಲ. ಹೇಗೂ ಟಿಕ್ ಎನ್ನುತ್ತದೆ, ಆಮೇಲೆ ಬಂದೂಕಿನ ಮೂತಿಯನ್ನು ದಿಬ್ಬಕ್ಕೇ ಹಿಡಿದು ಎಷ್ಟು ಹೊತ್ತಾದರೂ ಕಾಯುವುದು, ಜನ ಏನು ಬೇಕಾದರೂ ಅನ್ನಲಿ ಎಂದು ಲೆಕ್ಕ ಹಾಕಿ, ಹೆಗಲಿಗೆ ಸರಿಯಾಗಿ ಒತ್ತಿಕೊಳ್ಳದೆಯೇ ಟ್ರಿಗರ್ ಎಳೆದ.

ಢಂ ಎಂದಿತು. ಬಂದೂಕು ಹಿಂದಕ್ಕೆ ಒದ್ದ ರಭಸಕ್ಕೆ ಅವನು ಎರಡು ಹೆಜ್ಜೆ ತಡವರಿಸಿ, ಕೂತೇಬಿಟ್ಟ. ಗುಂಡು ಹಲಗೆಗಳನ್ನೆಲ್ಲ ಬಿಟ್ಟು ದಿಬ್ಬದ ಮಣ್ಣನ್ನು ಎಬ್ಬಿಸಿತು. ಜನರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಪ್ಪಾ, ಬಂದೂಕನ್ನ ಹಿಡ್ಕೋಬೇಕು!" ಎಂದು ಪಟಾಕಿ ಕೂಗಿದಳು.

ಸೊಸೆ ಬಂದು ಅವನ ಕೈಯಿಂದ ಬಂದೂಕು ತೆಗೆದುಕೊಂಡಳು. ಖಾಲಿ ತೋಟಾ ಹೊರಗೆಳೆದು, ಇನ್ನೊಂದು ಹಾಕಿ, ಕೆನ್ನೆ ತಾಗಿಸಿ ಹೊಡೆದಳು. ಹಲಗೆಯ ನಡುವಿನ ಕಪ್ಪಿನಲ್ಲಿ ತೂತು ಬಿತ್ತು. ಅವನು ಇನ್ನೂ ನೆಲದ ಮೇಲೆಯೇ ಇದ್ದ.

ವ್ಯಾನು ಮನೆಗೆ ಮರಳಿದಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು, ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದಳೋ ಏನೋ. ಸೊಸೆ ಇಳಿದ ಕೂಡಲೇ ಅವಳ ಮುಖ, ಕೈ, ಬೆರಳುಗಳನ್ನು ಒಂದೊಂದಾಗಿ ನೋಡಿ, "ಎಲ್ಲಾ ಸರಿ ಇದೆಯಲ್ಲಮ್ಮ?" ಎಂದಳು. "ಸರಿ ಇದೆ ಅತ್ತೆ," ಎಂದಳು ಅವಳು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಊಟಕ್ಕೆ ಮೊಟ್ಟೆ, ಬಿಸಿ ರೊಟ್ಟಿ. ಮೊದಲ ರೊಟ್ಟಿ ಸೊಸೆಯ ತಟ್ಟೆಗೆ ಬಿತ್ತು, ಎರಡು ಕಡೆಯೂ ಹದವಾಗಿ ಬೆಂದದ್ದು. ಮಗನ ತಟ್ಟೆಯ ಪಕ್ಕದಲ್ಲಿ, ಉಪ್ಪಿನ ಬಟ್ಟಲಿಗೆ ಒರಗಿಕೊಂಡು, ಆ ದಣಿದ ಸ್ಪ್ರಿಂಗಿತ್ತು.

"ಅಪ್ಪಾ, ಯಾಕೆ ಅವಾಗಿಂದ ಹೆಗಲು ಮುಟ್ಟಿ ಮುಟ್ಟಿ ನೋಡ್ಕೋತಿದೀಯ?" ಎಂದಳು ಪಟಾಕಿ. "ಕುಂಬಳಕಾಯಿ ಏನಾದ್ರೂ ಕದ್ಯಾ?"

ಮೇಸ್ತ್ರಿ ಕೆಮ್ಮಿದ. "ಏ ಪಟಾಕಿ, ವ್ಯಾನಲ್ಲಿ ಏನಾದ್ರೂ ಉಳಿದಿದೆಯಾ ನೋಡ್ಕೊಂಡು ಬಾ, ಹೋಗು." ಹುಡುಗಿ ಗೊಣಗುತ್ತ ಎದ್ದಳು. ಮೇಸ್ತ್ರಿ ಸ್ಪ್ರಿಂಗನ್ನು ಎತ್ತಿ ಎರಡು ಬೆರಳ ನಡುವೆ ಅಮುಕಿ, ಸೊಸೆಗೆ ಕೊಟ್ಟ. ಅಜ್ಜಿ ಒಲೆಯ ಕಡೆ ಮುಖ ಮಾಡಿದಳು.

"ಯಾವಾಗ ಗೊತ್ತಾಯ್ತು?" ಎಂದ ಗಂಡ.

"ಬೆಳಿಗ್ಗೆ. ಹೊರಡೋ ಮೊದಲು ಕೊನೇ ಸಲ ಒರೆಸೋಣ ಅಂತ ತೆಗೆದೆ, ಬೋಲ್ಟಿಂದ ಎಣ್ಣೆ ತೊಟ್ಟಿಕ್ತಿತ್ತು. ಈ ಮನೇಲಿ ಅಷ್ಟು ಎಣ್ಣೆ ಹಾಕೋರು ಒಬ್ಬರೇ. ಬಿಚ್ಚಿ ನೋಡ್ದೆ. ಬೇರೆ ಹೊಸದು ಹಾಕ್ದೆ."

"ಗೊತ್ತಿದ್ದೂ ಅಲ್ಲಿವರೆಗೆ ಸುಮ್ಮನಿದ್ಯಾ? ಬೈಬಹುದಿತ್ತಲ್ಲ. ಅಪ್ಪಂಗೆ ಹೇಳಬಹುದಿತ್ತಲ್ಲ."

"ಬೈದ್ರೆ ಏನು ಗೊತ್ತಾಗ್ತಿತ್ತು?" ಎಂದಳು ಅವಳು. "ಹಳೇ ತೋಟಾ ಅಂತ ಕಾರ್ಯದರ್ಶಿ ಅಂದಾಗ ನಿಮ್ಮನ್ನೇ ನೋಡ್ತಿದ್ದೆ. ಚಪ್ಪಾಳೆ ತಟ್ಟುವಾಗಲೂ ನೋಡ್ತಿದ್ದೆ. ತೋಟಾ ಕೈಯಲ್ಲಿ ಹಿಡ್ಕೊಂಡು ನಿಂತಾಗಲೂ."

ಅವನು ರೊಟ್ಟಿ ಮುರಿದ, ತಿನ್ನಲಿಲ್ಲ. "ಬಾಯಿ ಬಿಟ್ಟೆನಲ್ಲ."

"ಬಿಟ್ರಿ."

"ನಾಳೆ ನೀನು ಕಿಟಕಿ ಹತ್ರ ಕೂತ್ರೆ ನಂಗೆ ಮತ್ತೆ ಹೊಟ್ಟೆ ಉರಿಯುತ್ತೆ. ಸುಳ್ಳು ಹೇಳಲ್ಲ."

"ಉರೀಲಿ. ಬಾಯಲ್ಲಿ ಹೇಳಿ, ಕೈಯಲ್ಲಿ ಬೇಡ."

ಅಷ್ಟರಲ್ಲಿ ಪಟಾಕಿ ವ್ಯಾನಿನಿಂದ ಆ ಉಬ್ಬಿದ ಚೀಲವನ್ನು ಎರಡು ಕೈಯಲ್ಲೂ ಎಳೆದುಕೊಂಡು ಬಂದಳು. "ಅಮ್ಮಾ, ಇದು ಚಿಂದಿ ಬಟ್ಟೆ ಅಲ್ಲ, ನಿನ್ನ ಸೀರೆ ಇದೆ ಇದರಲ್ಲಿ. ನನ್ನ ಸ್ಕೂಲ್ ಯೂನಿಫಾರ್ಮೂ ಇದೆ, ಪುಸ್ತಕನೂ ಇದೆ. ನಾವೆಲ್ಲಿಗೆ ಹೊರಟಿದ್ವಿ?"

ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅಜ್ಜಿ ಅದನ್ನು ಮಗುಚಲಿಲ್ಲ. ಮೇಸ್ತ್ರಿಯ ಕೈಯ ನೀರಿನ ಲೋಟ ತುಟಿಯ ಹತ್ತಿರವೇ ನಿಂತಿತು. ಗಂಡ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಎಲ್ಲಿಗೂ ಇಲ್ಲ," ಎಂದಳು ಮಗಳಿಗೆ. "ಒಳಗೆ ಬೀರುವಿನಲ್ಲಿಡು."

"ನಂಗೆ ಎತ್ತೋಕಾಗಲ್ಲಮ್ಮ, ತುಂಬಾ ಭಾರ ಇದೆ."

ಗಂಡ ಎದ್ದ. ಕೈ ತೊಳೆದುಕೊಂಡು ಬಂದು, ಮಗಳ ಕೈಯಿಂದ ಚೀಲ ತೆಗೆದುಕೊಂಡ. ನಿಜಕ್ಕೂ ಭಾರವಾಗಿತ್ತು. ಅದನ್ನು ನೋಯುತ್ತಿದ್ದ ಹೆಗಲಿನ ಮೇಲೆಯೇ ಹಾಕಿಕೊಂಡು ಒಳಗೆ ಹೋದ.